ದವಾಖಾನೆಯಲ್ಲಿ ಮನೆಯ ವಿಚಾರ

ಮಾಗಡಿಯ ಸುತ್ತಲಿನ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದು ಹೊಸತೇನಲ್ಲ. ತಂದೆ-ತಾಯಿಯರ ಬೆನ್ನಿಗೆ ಮಕ್ಕಳೂ ಹೊರಡುತ್ತಾರೆ. ಸೊರಗಿ ಮರಳಿದ ಕೂಸನ್ನು ದವಾಖಾನೆಗೆ ಒಯ್ದರೆ ವೈದ್ಯರು ಔಷಧಿ ಬರೆದುಕೊಡುತ್ತಾರೆ. ಆದರೆ ಮನೆಯಲ್ಲಿ ಜೋಳ ಉಂಟೇ, ಹಗಲು ಕೂಸನ್ನು ನೋಡಿಕೊಳ್ಳುವವರಾರು ಎಂದು ಕೇಳುವವರು ಯಾರು? ಈ ಕೇಳ್ವಿಗೂ ಒಂದು ಇತಿಹಾಸವಿದೆ. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಆದವರು ಇದನ್ನು ಓದಲಿ.

1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟುವರ್ಟ್ ಎಂಬಾಕೆಯನ್ನು ನೇಮಿಸಿತು. ಉಚಿತ ಚಿಕಿತ್ಸೆಗೆ ಅರ್ಹರಲ್ಲದವರನ್ನು ಗುರುತಿಸುವುದು ಆಕೆಯ ಮೊದಲ ಕೆಲಸ. ಅಂದರೆ ಬಡತನದ ವಿಚಾರಣೆ ಆರಂಭವಾದದ್ದು ಸಂಶಯದಿಂದ! 1905ರಲ್ಲಿ ಬಾಸ್ಟನ್ನಿನ ವೈದ್ಯ ರಿಚರ್ಡ್ ಕ್ಯಾಬಟ್ ಅದಕ್ಕೆ ಬೇರೆ ಅರ್ಥ ಕೊಟ್ಟರು. ರೋಗಿಯ ಮನೆಯ ಸ್ಥಿತಿ ಅರಿಯದೆ ಚಿಕಿತ್ಸೆ ಫಲಿಸದೆಂದು ಕಂಡು, ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರನ್ನಿರಿಸಿದರು. ಭಾರತದಲ್ಲಿ ಇಂಥ ಹುದ್ದೆ ಮೊದಲು ಬಂದದ್ದು 1946ರಲ್ಲಿ, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ. ಆಗ ಗದಗು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು. ಆದರೇನು, ಇಲ್ಲಿಯ ಬಡವರ ಕೂಸಿಗೆ ಮುಂಬಯಿ ಎಟುಕುವ ಊರಾಗಿರಲಿಲ್ಲ.

1975ರಲ್ಲಿ ಅಂಗನವಾಡಿಯ ಯೋಜನೆ ಆರಂಭವಾಯಿತು. ಮುಂದೆ ತೀವ್ರ ಅಪೌಷ್ಟಿಕತೆಯ ಮಕ್ಕಳಿಗಾಗಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಾದವು. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ಅಪಾಯದ ಗುರುತು. 2011ರ ಕೇಂದ್ರ ಮಾರ್ಗಸೂಚಿಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಒಂದು ಚಿಕ್ಕ ಮಾತು: ಕೂಸಿನ ಬಳಿ ಉಳಿಯುವ ತಾಯಿಗೆ ಕೂಲಿನಷ್ಟದ ಪರಿಹಾರ ಕೊಡಬೇಕೆಂಬುದು. ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು ಬಂದವಳು, ದಿನಗೂಲಿ ತಪ್ಪಿದವಳು, ಕೂಸು ತುಸು ಚೇತರಿಸಿಕೊಂಡೊಡನೆ ಹೊರಟುಬಿಡುತ್ತಾಳೆ. ಅದನ್ನು ಅವಳ ಅಜ್ಞಾನವೆಂದು ಬೈಯುವುದು ಸುಲಭ, ಆದರೆ ಅನ್ಯಾಯ. ಲೆಕ್ಕ ಹಾಕಿಯೇ ಹೊರಡುತ್ತಾಳೆ ಅವಳು.

ಕೇಳುವ ಬಗೆಯೂ ಮುಖ್ಯ. ಹತ್ತು ಜನರ ಎದುರಿಗೆ "ಊಟಕ್ಕಿದೆಯೇನವ್ವಾ?" ಎಂದರೆ "ಇದೆ" ಎಂದೇ ಉತ್ತರ ಬರುತ್ತದೆ, ಮಾನವುಳ್ಳವರ ಉತ್ತರ ಅದು. ಕೇಳಿ ತಿಳಿದ ಮೇಲೆ ಪಡಿತರ ಚೀಟಿಗೋ ಅಂಗನವಾಡಿಗೋ ದಾರಿ ಮಾಡಿಕೊಡದಿದ್ದರೆ ಕೇಳಿದ್ದೂ ವ್ಯರ್ಥ.

ಬಿಡುಗಡೆಯಾದ ಮಗುವನ್ನು ಮರುತಪಾಸಣೆಗೆ ಕರೆತರಬೇಕೆಂಬ ನಿಯಮವೇನೋ ಇದೆ. ಆದರೆ ಆ ವೇಳೆಗೆ ಮನೆಗೆ ಬೀಗ ಬಿದ್ದಿದ್ದರೆ? ಯಾವ ಊರಿಗೆ ಹೋಗುವಿರಿ, ಎಂದು ಮರಳುವಿರಿ ಎಂಬುದನ್ನು ಮಗು ಹಾಸಿಗೆಯಲ್ಲಿರುವಾಗಲೇ ಕೇಳಿ ಬರೆದಿಟ್ಟು, ಆ ಊರಿನ ಅಂಗನವಾಡಿಗೆ ತಿಳಿಸಬೇಕು.