ಮರಳಿ ಬಂದ ರೋಗಿ, ಮುರಿದುಕೊಂಡ ಹಣ

ಆಸ್ಪತ್ರೆಗೆ ಕೊಡುವ ಹಣವನ್ನು ತಡೆಹಿಡಿದರೆ ವರ್ಣಭೇದ ತಗ್ಗುತ್ತದೆಯೇ? ಅಮೆರಿಕದಲ್ಲಿ ಒಮ್ಮೆ ತಗ್ಗಿತ್ತು. 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಸಹಿ ಹಾಕಿದರು. ಮರುವರ್ಷ ಅದು ಜಾರಿಗೆ ಬಂದಾಗ, ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಬೇರೆಬೇರೆ ವಾರ್ಡ್ ಇಟ್ಟುಕೊಂಡ ಆಸ್ಪತ್ರೆಗೆ ಬಿಡಿಗಾಸೂ ಇಲ್ಲ ಎಂದು ಸರ್ಕಾರ ಪಟ್ಟು ಹಿಡಿಯಿತು. ದಶಕಗಳಿಂದ ಜಗ್ಗದಿದ್ದ ನೂರಾರು ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ದಾರಿಗೆ ಬಂದವು.

ಮುಂದಿನ ತಿರುವು 1983ರದು. ಕಾಯಿಲೆಗೆ ಇಷ್ಟು ಎಂಬ ನಿಗದಿತ ದರ ಬಂದ ಮೇಲೆ, ರೋಗಿಯನ್ನು ಬೇಗ ಮನೆಗೆ ಕಳಿಸಿದಷ್ಟೂ ಆಸ್ಪತ್ರೆಗೆ ಉಳಿತಾಯ. ಅವರು ತಿರುಗಿ ಬಂದರೆ ಮತ್ತೊಂದು ಬಿಲ್ಲು. 2009ರಲ್ಲಿ ಸಂಶೋಧಕ ಸ್ಟೀಫನ್ ಜೆಂಕ್ಸ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಮೆಡಿಕೇರ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗುತ್ತಿದ್ದರು. ಶಸ್ತ್ರಚಿಕಿತ್ಸೆಯಿಲ್ಲದೆ ಮನೆಗೆ ಹೋಗಿ ಹಾಗೆ ಮರಳಿದವರ ಪೈಕಿ ಅರ್ಧದಷ್ಟು ಜನ ನಡುವೆ ಒಮ್ಮೆಯೂ ವೈದ್ಯರನ್ನು ಕಂಡ ದಾಖಲೆಯೇ ಇರಲಿಲ್ಲ.

2010ರ ಒಬಾಮಾ ಆರೋಗ್ಯ ಕಾಯಿದೆ ಹೀಗೆ ರೋಗಿಗಳು ಮರಳುವುದಕ್ಕೆ ದಂಡ ವಿಧಿಸಿತು. 2012ರ ಅಕ್ಟೋಬರ್‌ನಿಂದ ಹೃದಯಾಘಾತ, ಹೃದಯ ವೈಫಲ್ಯ, ನ್ಯುಮೋನಿಯಾ ರೋಗಿಗಳು ನಿರೀಕ್ಷೆಗಿಂತ ಹೆಚ್ಚು ಮರಳಿದ ಆಸ್ಪತ್ರೆಗೆ ಹಣ ಕಡಿತ: ಮೊದಲು ಗರಿಷ್ಠ ಶೇ. 1, ಮೂರನೇ ವರ್ಷಕ್ಕೆ ಶೇ. 3. ಅದೂ ಆ ಮೂರು ಕಾಯಿಲೆಗಳ ಹಣದಲ್ಲಷ್ಟೇ ಅಲ್ಲ, ಎಲ್ಲ ಮೆಡಿಕೇರ್ ದಾಖಲಾತಿಗಳ ಮೂಲ ಪಾವತಿಯಲ್ಲಿ.

ಎಡವಟ್ಟಿನ ಸುಳಿವು ದಂಡ ಶುರುವಾಗುವ ಮುನ್ನವೇ ಸಿಕ್ಕಿತ್ತು. ಕ್ಯಾರನ್ ಜಾಯ್ಂಟ್ ಮತ್ತು ಬಿಹಾರ ಮೂಲದ ಆಶೀಶ್ ಝಾ ಅವರ ಸಂಶೋಧನಾ ತಂಡ 2011ರಲ್ಲಿ ತೋರಿಸಿದಂತೆ, ಇದೇ ಮೂರು ಕಾಯಿಲೆಗಳಲ್ಲಿ ಕಪ್ಪು ವರ್ಣೀಯ ವೃದ್ಧರು ಮರಳುವ ಪ್ರಮಾಣ ಶೇ. 24.8, ಬಿಳಿಯರದು ಶೇ. 22.6. ಕಪ್ಪು ವರ್ಣೀಯರು ಹೆಚ್ಚಾಗಿ ಹೋಗುವ ಆಸ್ಪತ್ರೆಗಳಲ್ಲಿ ಬಿಳಿಯ ರೋಗಿಗಳೂ ಹೆಚ್ಚು ಮರಳುತ್ತಿದ್ದರು.

ಹೃದಯ ವೈಫಲ್ಯದ ರೋಗಿಯನ್ನೇ ನೋಡಿ. ಉಪ್ಪು ಬಿಡಬೇಕು, ಮೈಯಲ್ಲಿ ನಿಂತ ನೀರನ್ನು ಹೊರಹಾಕುವ ಮಾತ್ರೆ ತಪ್ಪಿಸಬಾರದು, ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಡಬ್ಬಿ ಆಹಾರವೇ ಗತಿಯಾದವರಿಗೆ, ಔಷಧಿ ಅಂಗಡಿ ದೂರವಿದ್ದವರಿಗೆ ವಾರದಲ್ಲೇ ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಬೇರೆ ವಾರ್ಡ್ ಆಸ್ಪತ್ರೆಯೇ ಮಾಡಿದ್ದ ತಪ್ಪು, ಹಾಗಾಗಿ ಹಣದ ಭಯಕ್ಕೆ ಅದು ತಿದ್ದಿಕೊಂಡಿತು. ಈ ಬಡತನವನ್ನು ಆಸ್ಪತ್ರೆ ಎಲ್ಲಿಂದ ತಿದ್ದೀತು? ಇದಕ್ಕೆ ಮೆಡಿಕೇರ್‌ನ ಉತ್ತರವೂ ತಳ್ಳಿಹಾಕುವಂಥದ್ದಲ್ಲ: ಬಡವರೆಂದು ರಿಯಾಯಿತಿ ಕೊಟ್ಟರೆ ಬಡವರಿಗೆ ಕಳಪೆ ಚಿಕಿತ್ಸೆ ಸಾಕು ಎಂದು ಒಪ್ಪಿದಂತಾಗುತ್ತದೆ.

ಅಂಕಿಗಳೇನೋ ಇಳಿದವು. 2007ರಿಂದ 2015ರ ನಡುವೆ ಈ ಕಾಯಿಲೆಗಳ ಮರುದಾಖಲಾತಿ ಶೇ. 21.5ರಿಂದ 17.8ಕ್ಕೆ ಬಂತು. ಕಪ್ಪು-ಬಿಳಿ ಅಂತರವೂ ಕಿರಿದಾಯಿತೆಂದು 2018ರ ಒಂದು ಅಧ್ಯಯನ ಹೇಳಿತು. ಆದರೆ ಬಿಲ್ಲಿನಲ್ಲಿ ನಮೂದಿಸಬಹುದಾದ ಕಾಯಿಲೆಗಳ ಸಂಖ್ಯೆ ಅದೇ ಅವಧಿಯಲ್ಲಿ 25ಕ್ಕೆ ಏರಿತ್ತು. ರೋಗಿಗಳು ಕಾಗದದ ಮೇಲೆ ಹೆಚ್ಚು ಕಾಯಿಲೆಯವರಾಗಿ ಕಂಡರು, ಹಾಗಾಗಿ ಅವರು ಮರಳುವ ನಿರೀಕ್ಷೆಯೂ ಲೆಕ್ಕದಲ್ಲಿ ಏರಿತು; ಇಳಿಕೆಯ ದೊಡ್ಡ ಪಾಲು ಅಲ್ಲಿಂದಲೇ ಬಂದಿತ್ತು ಎಂದು ಬೇರೆ ಸಂಶೋಧಕರು ತೋರಿಸಿದರು. ಇನ್ನು ಕೆಲವರನ್ನು ‘ನಿಗಾ’ ಎಂದು ಹಾಸಿಗೆಯಲ್ಲಿ ಮಲಗಿಸಿ, ದಾಖಲು ಮಾಡದೇ ಇಟ್ಟರೆ ಲೆಕ್ಕಕ್ಕೇ ಬರುವುದಿಲ್ಲ. ಹೃದಯ ವೈಫಲ್ಯದವರಲ್ಲಿ 30 ದಿನದ ಸಾವು ಶೇ. 7.2ರಿಂದ 8.6ಕ್ಕೆ ಏರಿತೆಂಬ ವರದಿ ಎಲ್ಲಕ್ಕಿಂತ ಗಾಬರಿ ಹುಟ್ಟಿಸಿತು. ದಂಡವೇ ಕಾರಣ ಎಂಬುದನ್ನು ಹಲವರು ಒಪ್ಪುವುದಿಲ್ಲ, ವಾದ ಮುಗಿದಿಲ್ಲ. ಆದರೂ ರೋಗಿ ಸತ್ತದ್ದಕ್ಕಿಂತ ಮರಳಿ ಬಂದದ್ದಕ್ಕೇ ಹೆಚ್ಚು ದಂಡ ಹಾಕುವ ಪದ್ಧತಿ ಸರಿಯಲ್ಲ ಎನ್ನಲು ಆ ವಾದ ಮುಗಿಯುವವರೆಗೆ ಕಾಯಬೇಕಿಲ್ಲ.

ಬಡವರ ಆಸ್ಪತ್ರೆಗಳಿಗೇ ಪೆಟ್ಟು ಹೆಚ್ಚು ಬೀಳುತ್ತಿದ್ದುದನ್ನು ಕಂಡು ಅಮೆರಿಕದ ಸಂಸತ್ತು 2016ರ ಡಿಸೆಂಬರ್‌ನಲ್ಲಿ ನಿಯಮ ಬದಲಿಸಿತು. ಮೆಡಿಕೇರ್ ಜೊತೆಗೆ ಬಡವರ ವಿಮೆಯಾದ ಮೆಡಿಕೇಡ್ ಕೂಡ ಇರುವ ರೋಗಿಗಳ ಪಾಲನ್ನು ನೋಡಿ, 2019ರ ಹಣಕಾಸು ವರ್ಷದಿಂದ ಆಸ್ಪತ್ರೆಗಳನ್ನು ಐದು ಗುಂಪು ಮಾಡಿ, ಆಯಾ ಗುಂಪಿನೊಳಗೇ ಹೋಲಿಸಲಾಗುತ್ತಿದೆ. ಆ ಗುಂಪು ವಿಂಗಡಣೆಯ ಸೂತ್ರದಲ್ಲಿ ರೋಗಿಯ ವರ್ಣಕ್ಕೆ ಜಾಗವಿಲ್ಲ.