ಯಾರ ಪಾದದ ಅಳತೆ?

ಪುಣೆಯ ಡೆಕ್ಕನ್ ಜಿಮ್ಖಾನಾದ ಸುತ್ತಲಿನ ರಸ್ತೆಗಳಲ್ಲಿ ಬೆಳಗಿನ ಐದೂವರೆಗೆ ಓಡುವವರ ನಡುವೆ ಮೂರು ವರ್ಷಗಳಿಂದ ನಾವೂ ಇದ್ದೇವೆ. ನಾವೆಂದರೆ ಕನ್ನಡ ಮಾತನಾಡುವ ಏಳೆಂಟು ಮಂದಿ. ನಲವತ್ತು ದಾಟಿ, ರಕ್ತಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಓಡಲು ಕಲಿತವರು. ಭಾರತದಿಂದ ಒಲಿಂಪಿಕ್ಸಿಗೆ ಹೋದ ಮೊದಲ ತಂಡದ ಕಥೆ ಇದೇ ನೆಲದಲ್ಲಿ ಆರಂಭವಾಯಿತೆಂಬುದು ನಮಗೆ ತಿಳಿದದ್ದು ತೀರ ತಡವಾಗಿ. ಅದೂ ಒಂದು ಜೊತೆ ಬೂಟಿನ ದೆಸೆಯಿಂದ.

ಕಳೆದ ಚಳಿಗಾಲದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ತಮ್ಮ ಮೊದಲ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದರು. ಓಟಕ್ಕೆ ಮೂರು ದಿನವಿರುವಾಗ ರಿಯಾಯಿತಿಯಲ್ಲಿ ಸಿಕ್ಕಿತೆಂದು ಹೊಸ ಬೂಟು ಕೊಂಡರು. ಕಚೇರಿಗೆ ಹಾಕುವ ಕಪ್ಪು ಬೂಟು ಎಂಟನೆಯ ನಂಬರಿನದು. ಆದ್ದರಿಂದ ಇದೂ ಎಂಟು. ಆರನೆಯ ಕಿಲೋಮೀಟರಿನಲ್ಲಿ ಅವರು ರಸ್ತೆಯ ಅಂಚಿನಲ್ಲಿ ಕುಳಿತುಬಿಟ್ಟರು. ಹೆಬ್ಬೆರಳುಗಳ ಉಗುರು ಕಪ್ಪುಗಟ್ಟಿದ್ದವು, ಹಿಮ್ಮಡಿಯ ಚರ್ಮ ಸುಲಿದಿತ್ತು. ಬೇರೆಯವರಿಗಾದರೆ ವಾರದಲ್ಲಿ ಮರೆತುಹೋಗುವ ಗಾಯ. ಇವರು ಮಧುಮೇಹಿ, ಓಡಲು ತೊಡಗಿದ್ದೇ ಅದಕ್ಕಾಗಿ. ಹಿಮ್ಮಡಿ ಮಾಯಲು ಎರಡು ತಿಂಗಳು ಹಿಡಿಯಿತು. ವೈದ್ಯರು ಬೈದರು, ಮನೆಯವರು ಓಟವನ್ನೇ ಬಿಡಿ ಎಂದರು. ಅವರು ಮಾತ್ರ ಬೇರೆಯೇ ತೀರ್ಮಾನಕ್ಕೆ ಬಂದರು: ಬೂಟಿನ ಸಹವಾಸವೇ ಬೇಡ, ಬರಿಗಾಲೇ ಲೇಸು, ಅಬೆಬೆ ಬಿಕಿಲ ಬರಿಗಾಲಲ್ಲಿ ಒಲಿಂಪಿಕ್ಸ್ ಗೆಲ್ಲಲಿಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಇತಿಹಾಸಕ್ಕಿಳಿದೆವು. ಮಧುಮೇಹಿಗಳ ಪಾದದಲ್ಲಿ ಸ್ಪರ್ಶಜ್ಞಾನ ಕುಂದುವ ಸಂಭವವಿರುವುದರಿಂದ ಬರಿಗಾಲು ಅವರಿಗೆ ಹೇಳಿಸಿದ ಮಾರ್ಗವಲ್ಲ. ಅಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಬಿಕಿಲನ ಹೆಸರು ಹಿಡಿದು ವಾದಿಸುವವರಿಗೆ ಬಿಕಿಲನಿಂದಲೇ ಉತ್ತರ ಕೊಡಿಸಬೇಕಲ್ಲವೇ!

ಮೊದಲು ನಮ್ಮ ಮನೆಯಂಗಳದ ಕಥೆ. 1919ರಲ್ಲಿ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಇಲ್ಲಿಯ ಕ್ರೀಡಾಕೂಟವನ್ನು ನೋಡಿದರು. ಸ್ಪರ್ಧಿಗಳಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ತರಬೇತಿಯ ಗಂಧವಿಲ್ಲ, ನಿಯಮಗಳ ಪರಿಚಯವಿಲ್ಲ. ಜಲ್ಲಿ ಹಾಕಿ ಗಟ್ಟಿಮಾಡಿದ ರಸ್ತೆಯಲ್ಲಿ ಬರಿಗಾಲಲ್ಲಿಯೇ ಅವರು ಓಡಿದ ವೇಗ ಯುರೋಪಿನವರ ವೇಗಕ್ಕೆ ಹೋಲಿಸುವಂತಿತ್ತೆಂದು ಟಾಟಾ ಮುಂದೆ ಒಂದು ಪತ್ರದಲ್ಲಿ ನೆನೆದಿದ್ದಾರೆ. ಮುಂಬಯಿ ಪ್ರಾಂತದ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವೂ ದೊರೆತು, 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ನಾಲ್ವರು ಓಟಗಾರರೂ ಇಬ್ಬರು ಜಟ್ಟಿಗಳೂ ಹೊರಟರು. ಆ ನಾಲ್ವರಲ್ಲಿ ಒಬ್ಬರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಅವರನ್ನು ನಮ್ಮವರೆಂದು ನಾವೂ, ತಮ್ಮವರೆಂದು ನಮ್ಮ ಮರಾಠಿ ಗೆಳೆಯರೂ ಹೇಳಿಕೊಳ್ಳುತ್ತೇವೆ. ಗಡಿಯ ವಿಷಯದಲ್ಲಿ ನಾವು ಒಮ್ಮತಕ್ಕೆ ಬರದಿರಬಹುದು. ಇಂಥ ಓಟಗಾರನನ್ನು ಹಂಚಿಕೊಳ್ಳುವುದಕ್ಕೆ ಯಾರದೂ ಅಡ್ಡಿಯಿರಲಾರದು.

ಆಂಟ್ವರ್ಪಿನ ಮ್ಯಾರಥಾನ್ ಒಲಿಂಪಿಕ್ಸಿನ ಇತಿಹಾಸದಲ್ಲಿಯೇ ಅತಿ ಉದ್ದದ್ದು, 42.75 ಕಿಲೋಮೀಟರ್. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯ್ನೆನ್ 2 ಗಂಟೆ 32 ನಿಮಿಷಗಳಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾದರು. ಅವರಿಗಿಂತ ಸುಮಾರು ಎರಡು ನಿಮಿಷ ಮುಂಚೆ, 16ನೆಯವರಾಗಿ ಗುರಿ ಮುಟ್ಟಿದವರು ಜಪಾನಿನ ಶಿಝೋ ಕನಕುರಿ. ಏಷ್ಯಾದ ಈ ಇಬ್ಬರು ಬೆಲ್ಜಿಯಮ್ಮಿನ ರಸ್ತೆಯಲ್ಲಿ ಹೀಗೆ ಹಿಂದೆಮುಂದೆ ಓಡಿದ್ದು ಕಾಕತಾಳೀಯ. ಆದರೆ ಕನಕುರಿಯ ಕಾಲಲ್ಲಿ ಒಂದು ಕಥೆಯೇ ಇದೆ.

ಅದಕ್ಕಾಗಿ ಎಂಟು ವರ್ಷ ಹಿಂದಕ್ಕೆ, 1912ರ ಸ್ಟಾಕ್‌ಹೋಮಿಗೆ ಹೋಗಬೇಕು. ಜಪಾನಿಗೆ ಅದು ಮೊದಲ ಒಲಿಂಪಿಕ್ಸ್. ಕನಕುರಿ ಮ್ಯಾರಥಾನಿಗೆ ಧರಿಸಿದ್ದು ತಬಿ ಎಂಬ ಜಪಾನೀ ಬಟ್ಟೆಯ ಕಾಲ್ಚೀಲ. ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕು ಬೆರಳುಗಳಿಗೆ ಇನ್ನೊಂದು ಮನೆ. ಊರಿನ ದಾರಿಗೆ ಹೇಳಿಮಾಡಿಸಿದಂತಿದ್ದ ಅದರ ತೆಳುವಾದ ಬಟ್ಟೆಯ ಅಟ್ಟೆ ಸ್ವೀಡನ್ನಿನ ಗಟ್ಟಿ ರಸ್ತೆಗೆ ಸಾಲಲಿಲ್ಲ. ಮೇಲೆ ಸುಡುಬಿಸಿಲು. ಹೊರಟವರಲ್ಲಿ ಅರ್ಧದಷ್ಟು ಮಂದಿ ಗುರಿ ಮುಟ್ಟಲಿಲ್ಲ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಝಾರೊ ದಾರಿಯಲ್ಲಿ ಕುಸಿದುಬಿದ್ದು ಮರುದಿನ ತೀರಿಕೊಂಡರು. ಬಳಲಿದ ಕನಕುರಿ ದಾರಿ ಬದಿಯ ಒಂದು ಮನೆಯ ತೋಟಕ್ಕೆ ಹೋಗಿ ನೀರು ಕೇಳಿ ಕುಡಿದು, ವಿಶ್ರಮಿಸಿ, ಯಾರಿಗೂ ಹೇಳದೆ ಊರಿಗೆ ಮರಳಿದರು. ಸ್ವೀಡನ್ನಿನವರ ಲೆಕ್ಕದಲ್ಲಿ ಅವರು ಕಾಣೆಯಾದ ಓಟಗಾರ. 1967ರಲ್ಲಿ ಅವರನ್ನು ಕರೆಸಿ ಓಟ ಪೂರ್ಣಗೊಳಿಸಲಾಯಿತು: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಈ ಅಂಕಿಯನ್ನು ಹೇಳಿ ನಗುವುದು ವಾಡಿಕೆ. ನಮ್ಮ ಗಮನ ಇರುವುದು ನಡುವಿನ ವರ್ಷಗಳ ಕೆಲಸದ ಮೇಲೆ.

ಸೋತು ಬಂದ ಕನಕುರಿ ಪಾಶ್ಚಾತ್ಯ ಬೂಟಿಗೆ ಶರಣಾಗಲಿಲ್ಲ, ಹಳೆಯ ತಬಿಗೂ ಅಂಟಿಕೊಳ್ಳಲಿಲ್ಲ. ಟೋಕಿಯೋದ ಹರಿಮಾಯ ಎಂಬ ತಬಿ ಅಂಗಡಿಯ ಕುಶಲಕರ್ಮಿಯ ಜೊತೆ ಕುಳಿತು, ತಮ್ಮ ಜನರ ಪಾದಕ್ಕೆ ಒಗ್ಗಿದ ಆಕಾರವನ್ನು ಉಳಿಸಿಕೊಂಡು, ಬಟ್ಟೆಯ ಅಟ್ಟೆಯ ಜಾಗದಲ್ಲಿ ರಬ್ಬರಿನ ಅಟ್ಟೆ ಹಾಕಿಸಿದರು. ಓಡಿ ನೋಡುವುದು, ದೋಷ ಹೇಳುವುದು, ಮತ್ತೆ ಹೊಲಿಸುವುದು. ಕನಕುರಿ ತಬಿ ಎಂದೇ ಹೆಸರಾದ ಆ ಪಾದರಕ್ಷೆ ಧರಿಸಿ 1951ರಲ್ಲಿ ಶಿಗೆಕಿ ತನಕ ಎಂಬ ಹಿರೋಶಿಮಾದ ಯುವಕ ಬಾಸ್ಟನ್ ಮ್ಯಾರಥಾನ್ ಗೆದ್ದರು. ಸೀಳಿದ ಬೆರಳಿನ ಆ ವಿಚಿತ್ರ ಬೂಟನ್ನು ಅಮೆರಿಕದ ಪತ್ರಿಕೆಗಳು ಬೆರಗಿನಿಂದ ನೋಡಿದವಂತೆ. ಬೆರಗಾದದ್ದು ನೋಡಿದವರು, ಧರಿಸಿದವರಿಗೆ ಅದು ಹುಟ್ಟಿದಾಗಿನಿಂದ ಕಂಡ ಆಕಾರ.

ಇನ್ನು ಬಿಕಿಲ. 1960ರ ಸೆಪ್ಟೆಂಬರ್ 10ರ ಸಂಜೆ ರೋಮಿನಲ್ಲಿ ಇಥಿಯೋಪಿಯದ ಚಕ್ರವರ್ತಿಯ ಅಂಗರಕ್ಷಕ ಪಡೆಯ ಈ ಸೈನಿಕ ಬರಿಗಾಲಲ್ಲಿ ಓಡಿದರು. ಸೈನಿಕರು ಹಿಡಿದ ಪಂಜುಗಳ ಬೆಳಕಿನಲ್ಲಿ ಪ್ರಾಚೀನ ಅಪ್ಪಿಯನ್ ಮಾರ್ಗವನ್ನು ಹಾದು, ಕಾನ್‌ಸ್ಟಂಟೈನನ ಕಮಾನಿನ ಬಳಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಓಟ ಮುಗಿಸಿದರು. ಮುಸೊಲಿನಿಯ ಪಡೆಗಳು ಇಥಿಯೋಪಿಯದಿಂದ ಹೊತ್ತೊಯ್ದಿದ್ದ ಅಕ್ಸುಮ್‌ನ ಶಿಲಾಸ್ತಂಭ ಆ ಹಾದಿಯಲ್ಲಿಯೇ ನಿಂತಿತ್ತು. ಕಥೆ ಹೇಳುವವರಿಗೆ ಇದಕ್ಕಿಂತ ಬೇರೆ ಬೇಕೇ? ಬಡ ಆಫ್ರಿಕದ ಬರಿಗಾಲು ಸಾಮ್ರಾಜ್ಯವನ್ನು ಸೋಲಿಸಿತೆಂದು ಹೇಳಿ ಮುಗಿಸುತ್ತಾರೆ.

ಆದರೆ ಬಿಕಿಲ ಬರಿಗಾಲಲ್ಲಿ ಓಡುವುದಾಗಿ ವ್ರತ ತೊಟ್ಟವರಲ್ಲ. ಕೊನೆಯ ಗಳಿಗೆಯಲ್ಲಿ ತಂಡಕ್ಕೆ ಸೇರಿದ ಅವರಿಗೆ ದೊರೆತ ಹೊಸ ಬೂಟು ಪಾದಕ್ಕೆ ಸರಿಹೊಂದಲಿಲ್ಲ. ಅವರು ಬೂಟು ಹಾಕಿಯೂ ಹಾಕದೆಯೂ ಅಭ್ಯಾಸ ಮಾಡಿದವರು. ಅವರ ತರಬೇತುದಾರ, ಸ್ವೀಡನ್ನಿನ ಓನ್ನಿ ನಿಸ್ಕಾನೆನ್, ಎರಡನ್ನೂ ಬಲ್ಲವರು. ಕಚ್ಚುವ ಹೊಸ ಬೂಟಿಗಿಂತ ಒಗ್ಗಿದ ಹಳೆಯ ಅಂಗಾಲು ಮೇಲೆಂದು ಇಬ್ಬರೂ ನಿರ್ಧರಿಸಿದರು. ಮರುವರ್ಷ ಬಿಕಿಲ ಜಪಾನಿನ ಒಸಾಕಾಕ್ಕೆ ಓಡಲು ಹೋದಾಗ ಕೋಬೆಯ ಬೂಟು ತಯಾರಕ ಕಿಹಾಚಿರೋ ಒನಿಟ್ಸುಕ ಅವರನ್ನು ಕಂಡು ತಮ್ಮ ಬೂಟು ಧರಿಸುವಂತೆ ಒಪ್ಪಿಸಿದರು. ಬಿಕಿಲ ಅದನ್ನು ಧರಿಸಿ ಗೆದ್ದರು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಕಳೆಯುವುದರೊಳಗೆ, ಬೂಟು ಧರಿಸಿಯೇ ಮತ್ತೆ ಗೆದ್ದರು. ರೋಮಿಗಿಂತ ಮೂರು ನಿಮಿಷ ಬೇಗ. ನಮ್ಮ ಹಿರಿಯರಿಗೆ ಈ ಎರಡನೆಯ ಭಾಗ ಗೊತ್ತಿರಲಿಲ್ಲ. ರೋಮಿನ ಚಿತ್ರಕ್ಕಿರುವ ಪ್ರಚಾರ ಟೋಕಿಯೋದ ಚಿತ್ರಕ್ಕಿಲ್ಲ.

ಅದೇ ರೋಮಿನ ಓಟದಲ್ಲಿ ಮೂರನೆಯವರಾಗಿ ಬಂದ ಬ್ಯಾರಿ ಮಗೀ ನ್ಯೂಜಿಲೆಂಡಿನವರು. ಅವರ ಗುರು ಆರ್ಥರ್ ಲಿಡಿಯರ್ಡ್ ಆಕ್ಲೆಂಡಿನ ಬೂಟು ಕಾರ್ಖಾನೆಯಲ್ಲಿ ದುಡಿದವರು. ಹರಳಯ್ಯನ ಕಥೆ ಕೇಳಿ ಬೆಳೆದ ನಮಗೆ, ಚರ್ಮದ ಕಸುಬಿನವನೊಬ್ಬ ಓಟದ ಆಚಾರ್ಯನಾದದ್ದು ಸಹಜವಾಗಿಯೇ ಪ್ರಿಯವಾಯಿತು. ಲಿಡಿಯರ್ಡ್ ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು ಕಂಡದ್ದು ಸರಳ ಸಂಗತಿ: ವೇಗಕ್ಕೆ ಮೊದಲು ದೂರ ಬೇಕು, ಆ ದೂರವನ್ನು ಮಾತನಾಡುತ್ತ ಓಡುವಷ್ಟು ನಿಧಾನವಾಗಿ ಕ್ರಮಿಸಬೇಕು. 1960ರ ದಶಕದ ಆರಂಭದಲ್ಲಿ ಅವರು ಆಕ್ಲೆಂಡಿನ ನಡುವಯಸ್ಸಿನವರನ್ನೂ ಹೃದಯಾಘಾತದಿಂದ ಚೇತರಿಸಿಕೊಂಡವರನ್ನೂ ಹೀಗೆಯೇ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಲ್ಲಿಗೆ ಬಂದ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬವರ್ಮನ್, ಎಪ್ಪತ್ತು ದಾಟಿದ ಒಬ್ಬ ಓಟಗಾರನ ಸಮಕ್ಕೆ ಓಡಲಾಗದೆ ಏದುಸಿರು ಬಿಟ್ಟರು. ಊರಿಗೆ ಮರಳಿ, 1967ರಲ್ಲಿ ಹೃದ್ರೋಗ ತಜ್ಞರೊಬ್ಬರ ಜೊತೆಗೂಡಿ ಜಾಗಿಂಗ್ ಕುರಿತು ಪುಸ್ತಕ ಬರೆದರು. ನಮ್ಮಂಥ ಸಾಮಾನ್ಯರ ಓಟಕ್ಕೆ ಮೂಲಪುರುಷರು ಈ ಇಬ್ಬರು. ಬವರ್ಮನ್ ತಮ್ಮ ಶಿಷ್ಯರ ಪಾದಗಳ ಅಳತೆ ತೆಗೆದು ಕೈಯಾರೆ ಬೂಟು ಹೊಲಿಯುತ್ತಿದ್ದರು; ಅವರೂ ಅವರ ಶಿಷ್ಯ ಫಿಲ್ ನೈಟ್ ಅವರೂ 1964ರಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ನೈಕಿ ಆಯಿತು. ಮೊದಲಿಗೆ ಅದು ಮಾರಿದ್ದು ಒನಿಟ್ಸುಕ ಅವರ ಬೂಟುಗಳನ್ನೇ.

ಕನಕುರಿ, ಬಿಕಿಲ, ಲಿಡಿಯರ್ಡ್, ಬವರ್ಮನ್ ಇವರೆಲ್ಲರನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೂಟೋ ಬರಿಗಾಲೋ ಎಂಬ ವಾದ ನಮಗೆ ಹುರುಳಿಲ್ಲದ್ದಾಗಿ ಕಂಡಿತು. ಅವರು ಕೇಳಿಕೊಂಡ ಪ್ರಶ್ನೆ ಬೇರೆ: ಈ ಬೂಟನ್ನು ಯಾರ ಪಾದದ ಅಚ್ಚಿನ ಮೇಲೆ ಹೊಲಿದಿದ್ದಾರೆ? ಈ ಪ್ರಶ್ನೆಯನ್ನು ಭಾರತದಲ್ಲಿ ನಾವು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ನಮ್ಮ ಅಂಗಡಿಗಳ ಆರು, ಏಳು, ಎಂಟು ಎಂಬ ನಂಬರುಗಳು ಇಂಗ್ಲಿಷರು ಬಿಟ್ಟುಹೋದವು. ಅವುಗಳ ಮೂಲಮಾನ ಬಾರ್ಲಿ ಕಾಳಿನ ಉದ್ದ. ಒಂದು ನಂಬರಿನಿಂದ ಮುಂದಿನದಕ್ಕೆ ಅಂಗುಲದ ಮೂರನೆಯ ಒಂದು ಭಾಗ. ಅದು ಹೇಳುವುದು ಉದ್ದವನ್ನು ಮಾತ್ರ, ಅಗಲದ ಸುದ್ದಿಯಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಒಟ್ಟಾರೆ ಅಗಲವೆಂದು ಕಂಡುಬಂದು, 'ಭಾ' ಎಂಬ ಹೆಸರಿನ ಹೊಸ ಅಳತೆಯ ಕ್ರಮವನ್ನು ಅದು ಪ್ರಸ್ತಾಪಿಸಿತು. ಸರ್ಕಾರಿ ವರದಿಗಳಲ್ಲಿ ಇಷ್ಟು ಸ್ವಾರಸ್ಯ ಅಪರೂಪ; ಕಡತಗಳ ನಡುವೆಯೇ ಬಾಳುವ ನಮಗೆ ಹೀಗೆನ್ನುವ ಹಕ್ಕು ಸ್ವಲ್ಪ ಇದೆ.

ಅಗಲವಾದ ಪಾದದವರು ಮುಂಭಾಗ ಬಿಗಿಯಾಯಿತೆಂದು ಒಂದು ನಂಬರು ಹೆಚ್ಚಿಸಿ ಕೊಳ್ಳುತ್ತಾರೆ. ಆಗ ಹಿಮ್ಮಡಿ ಸಡಿಲವಾಗಿ ಉಜ್ಜುತ್ತದೆ. ಉದ್ದ ನೋಡಿ ಕೊಂಡರೆ ಬೆರಳುಗಳು ಒತ್ತಿಕೊಳ್ಳುತ್ತವೆ. ಓಡುವಾಗ ಪಾದ ಊದಿಕೊಂಡು ಹಿಗ್ಗುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತದೆ; ಕಚೇರಿಯ ಕುರ್ಚಿಯ ಕೆಳಗಿನ ಬೂಟಿಗೆ ಈ ಕಷ್ಟವಿಲ್ಲ. ಆದ್ದರಿಂದಲೇ ಓಟದ ಬೂಟನ್ನು ಸಂಜೆ, ದಿನವಿಡೀ ನಡೆದ ಕಾಲಿಗೆ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಬೇಕು. ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು. ಅದು ಎಲ್ಲರಲ್ಲೂ ಹೆಬ್ಬೆರಳೇ ಆಗಿರುವುದಿಲ್ಲ. ಎರಡು ಪಾದಗಳಲ್ಲಿ ದೊಡ್ಡದಕ್ಕೆ ಹೊಂದುವುದನ್ನು ಕೊಳ್ಳಬೇಕು. ಬೆರಳುಗಳು ಒಳಗೆ ಆಡುವಂತಿರಬೇಕು, ಹಿಮ್ಮಡಿ ಮೇಲೇಳಬಾರದು. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಓಡಿ ನೋಡಲು ನಾಚಿಕೆ ಬೇಡ. ಕೊಂಡದ್ದನ್ನು ಮೊದಲು ಮನೆಯೊಳಗೆ, ಆಮೇಲೆ ಎರಡು ಮೂರು ಕಿಲೋಮೀಟರಿಗೆ, ಕ್ರಮೇಣ ದೂರದ ಓಟಕ್ಕೆ ಹಾಕಬೇಕು. ಓಟದ ದಿನ ಬೂಟು, ಕಾಲುಚೀಲ, ತಿಂಡಿ ಯಾವುದೂ ಹೊಸದಾಗಿರಬಾರದು. ಉಗುರುಗಳನ್ನು ಎರಡು ಮೂರು ದಿನ ಮುಂಚೆ ನೇರವಾಗಿ ಕತ್ತರಿಸಿಕೊಳ್ಳಬೇಕು. ಮಧುಮೇಹಿಗಳು ಪ್ರತಿ ಓಟದ ನಂತರ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ನೋವು ಆಗಲಿಲ್ಲವೆಂಬುದು ಅವರಿಗೆ ಸಾಕ್ಷಿಯಾಗದು.

ನಮ್ಮ ಬಳಗದಲ್ಲಿ ಬರಿಗಾಲಿನ ಪಕ್ಷ ಪೂರ್ತಿ ಸೋತಿಲ್ಲ. ಬಿಹಾರದ ಶಿವನಾಥ ಸಿಂಗ್ ಅವರ ಉದಾಹರಣೆ ಇದೆಯಲ್ಲ! ಬರಿಗಾಲ ಓಟಕ್ಕೆ ಹೆಸರಾದ ಅವರು 1978ರಲ್ಲಿ ಜಲಂಧರದಲ್ಲಿ ಸ್ಥಾಪಿಸಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಮೀರಿ ಉಳಿಯಿತು. ಆ ಅಂಗಾಲು ಬಾಲ್ಯದಿಂದ ಹದವಾದದ್ದು. ಐವತ್ತೆರಡನೆಯ ವಯಸ್ಸಿನಲ್ಲಿ, ಮೊಸಾಯಿಕ್ ನೆಲದ ಮೇಲೆ ಬಾಳಿದ ಮೆತ್ತನೆಯ ಪಾದಕ್ಕೆ ಆ ದಾಖಲೆಯನ್ನು ತೋರಿಸಿ ಏನು ಪ್ರಯೋಜನ?

ಹಿರಿಯರು ಕೊನೆಗೆ ಒಪ್ಪಿದರು. ವೈದ್ಯರ ಅನುಮತಿಯೂ ದೊರೆಯಿತು. ಅಂಗಡಿಗೆ ಹೋಗುವ ಮುನ್ನ ಅವರ ಮನೆಯಲ್ಲಿ ಹಳೆಯ ಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದಗಳ ಸುತ್ತ ಗೆರೆ ಎಳೆದೆವು. ಎಡಪಾದ ಬಲಪಾದಕ್ಕಿಂತ ಅರ್ಧ ಬೆರಳಗಲ ಉದ್ದವಾಗಿತ್ತು. ಐವತ್ತೆರಡು ವರ್ಷಗಳಿಂದ ಅದು ಅವರಿಗೆ ತಿಳಿದಿರಲಿಲ್ಲ. ಒಂಬತ್ತೂವರೆ ನಂಬರಿನ, ಮುಂಭಾಗ ಅಗಲವಾದ ಬೂಟು ಕೊಂಡು ಈಗ ಐದು ವಾರವಾಗಿದೆ. ಬಲಗಾಲಿನ ಲೇಸನ್ನು ಒಂದು ರಂಧ್ರ ಮೇಲಕ್ಕೆ ಏರಿಸಿ ಬಿಗಿಯಾಗಿ ಕಟ್ಟುತ್ತಾರೆ, ಎಡಗಾಲಿನದನ್ನು ಸಡಿಲ ಬಿಡುತ್ತಾರೆ. ಕಳೆದ ಭಾನುವಾರ ಏಳು ಕಿಲೋಮೀಟರ್ ಓಡಿದರು. ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ.