ಹಗುರ ಆಲ್ಕೇನ್‌ಗಳ ರೂಪಾಂತರ: ಅನಿಲದಿಂದ ಪ್ಲಾಸ್ಟಿಕ್‌ವರೆಗೆ

ಮೀಥೇನ್, ಈಥೇನ್, ಪ್ರೊಪೇನ್ ಮತ್ತು ಬ್ಯೂಟೇನ್‌ಗಳನ್ನು ಹಗುರ ಆಲ್ಕೇನ್‌ಗಳೆಂದು ಕರೆಯುತ್ತಾರೆ. ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅಡುಗೆ ಅನಿಲದ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಇವುಗಳನ್ನು ಉರಿಸಿದರೆ ಶಾಖವಷ್ಟೇ ದೊರೆಯುತ್ತದೆ. ಕ್ರಿಯಾವರ್ಧಕಗಳ ನೆರವಿನಿಂದ ರೂಪಾಂತರಿಸಿದರೆ ಪ್ಲಾಸ್ಟಿಕ್, ರಬ್ಬರ್ ಹಾಗೂ ಉತ್ತಮ ದರ್ಜೆಯ ಪೆಟ್ರೋಲಿಗೆ ಬೇಕಾದ, ಹೆಚ್ಚು ಬೆಲೆಯುಳ್ಳ ಹೈಡ್ರೋಕಾರ್ಬನ್‌ಗಳು ಸಿಗುತ್ತವೆ.

ಜಲಜನಕ ತೆಗೆಯುವ ವಿಧಾನ: ಈ ಪೈಕಿ ಪ್ರೊಪೇನಿನಿಂದ ಪ್ರೊಪಿಲೀನ್ ತಯಾರಿಸುವ ವಿಧಾನ ಪ್ರಮುಖವಾದುದು. ಪ್ರೊಪೇನಿನ ಪ್ರತಿ ಅಣುವಿನಿಂದ ಎರಡು ಜಲಜನಕ ಪರಮಾಣುಗಳನ್ನು ಬೇರ್ಪಡಿಸಲಾಗುತ್ತದೆ. ಲೆಕ್ಕದ ಪ್ರಕಾರ 44 ಕಿಲೋ ಪ್ರೊಪೇನಿನಿಂದ 42 ಕಿಲೋ ಪ್ರೊಪಿಲೀನ್ ಹಾಗೂ 2 ಕಿಲೋ ಜಲಜನಕ ದೊರೆಯಬೇಕು. ಕ್ರಿಯೆಗೆ ಸುಮಾರು 550ರಿಂದ 650 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒತ್ತಡ ಕಡಿಮೆಯಿದ್ದಷ್ಟೂ ಇಳುವರಿ ಹೆಚ್ಚು. ಅಲ್ಯುಮಿನಾದ ಮೇಲೆ ಲೇಪಿಸಿದ ಪ್ಲಾಟಿನಂ-ತವರ ಅಥವಾ ಕ್ರೋಮಿಯಂ ಆಕ್ಸೈಡ್ ಇಲ್ಲಿ ಬಳಕೆಯಲ್ಲಿರುವ ಕ್ರಿಯಾವರ್ಧಕಗಳು.

ತೊಡಕುಗಳು: ಇಷ್ಟು ಶಾಖದಲ್ಲಿ ಅಣುಗಳು ಒಡೆದು, ಇಂಗಾಲದ ಮಸಿ ಕ್ರಿಯಾವರ್ಧಕದ ಮೇಲೆ ಕೂರುತ್ತದೆ, ಅದರ ಶಕ್ತಿ ಕುಂದುತ್ತದೆ. ಆಗ ಗಾಳಿ ಹಾಯಿಸಿ ಮಸಿಯನ್ನು ಸುಡಬೇಕು. ಕ್ರೋಮಿಯಂ ಆಧಾರಿತ ಘಟಕಗಳಲ್ಲಿ ಕೆಲವೇ ನಿಮಿಷಗಳಿಗೊಮ್ಮೆ ಈ ಶುದ್ಧೀಕರಣ ನಡೆಯುತ್ತದೆ. ಹೀಗೆ ಸುಟ್ಟಾಗ ಹುಟ್ಟುವ ಶಾಖವೇ ಮುಂದಿನ ಸುತ್ತಿಗೆ ನೆರವಾಗುತ್ತದೆ. ಪ್ಲಾಟಿನಂ ದುಬಾರಿ; ಕ್ರೋಮಿಯಂನ ಕೆಲವು ರೂಪಗಳು ವಿಷಕಾರಿ. ಆದ್ದರಿಂದ ಪರ್ಯಾಯಗಳ ಶೋಧ ನಿಂತಿಲ್ಲ.

ಬಿಡದಿಯ ಅನಿಲ: ಮಹಾರಾಷ್ಟ್ರದ ದಾಭೋಲ್‌ನಿಂದ ಹೊರಟು 2013ರಲ್ಲಿ ಕಾರ್ಯಾರಂಭ ಮಾಡಿದ ಗೇಲ್ ಸಂಸ್ಥೆಯ ಸುಮಾರು 1,000 ಕಿ.ಮೀ. ಉದ್ದದ ಕೊಳವೆಮಾರ್ಗ ರಾಮನಗರ ತಾಲ್ಲೂಕಿನ ಬಿಡದಿಯನ್ನು ತಲುಪುತ್ತದೆ. ಅನಿಲ ಬಂದ ಮೇಲೆ ಪ್ಲಾಸ್ಟಿಕ್ ಕಾರ್ಖಾನೆಯೂ ಬರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಕೊಳವೆಯಲ್ಲಿ ಹರಿಯುವುದು ಬಹುತೇಕ ಮೀಥೇನ್. ಅದರ ಬಂಧಗಳು ಆಲ್ಕೇನ್‌ಗಳಲ್ಲೇ ಅತ್ಯಂತ ಗಟ್ಟಿ. ಮೀಥೇನಿನಿಂದ ನೇರವಾಗಿ ಎಥಿಲೀನ್ ಪಡೆಯುವ ಸಂಶೋಧನೆ 1982ರಿಂದ ನಡೆದಿದ್ದರೂ, ಪ್ರೊಪೇನಿನ ವಿಧಾನದಂತೆ ಅದು ಉದ್ಯಮದಲ್ಲಿ ನೆಲೆಯೂರಿಲ್ಲ. ಹೀಗಾಗಿ ಬಿಡದಿಯ ಅನಿಲ ಇಂಧನವಾಗಿಯೇ ಹೆಚ್ಚು ಉಪಯುಕ್ತ.

ರಾಜ್ಯದ ಪ್ರೊಪಿಲೀನ್: ಮಂಗಳೂರಿನ ಎಂಆರ್‌ಪಿಎಲ್ 2015ರಲ್ಲಿ ಆರಂಭಿಸಿದ ಪಾಲಿಪ್ರೊಪಿಲೀನ್ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಅಲ್ಲಿ ಪ್ರೊಪಿಲೀನ್ ದೊರೆಯುವುದು ಭಾರವಾದ ತೈಲಗಳನ್ನು ಒಡೆಯುವುದರಿಂದ, ಪ್ರೊಪೇನಿನಿಂದಲ್ಲ. ಪ್ರೊಪೇನ್ ಆಧಾರಿತ ಘಟಕವನ್ನು ಗೇಲ್ ಕೈಗೆತ್ತಿಕೊಂಡಿರುವುದು ಮಹಾರಾಷ್ಟ್ರದ ಉಸರ್‌ನಲ್ಲಿ. ಉದ್ದೇಶಿತ ಸಾಮರ್ಥ್ಯ 5 ಲಕ್ಷ ಟನ್.

ಚನ್ನಪಟ್ಟಣಕ್ಕೂ ನಂಟು: 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಸೇರಿಸಿ ರಚಿಸಿದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಇಲ್ಲಿನ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. ಪೇಟೆಯಲ್ಲಿ ಇವುಗಳಿಗೆ ಎದುರಾಗುವ ಅಗ್ಗದ ಆಟಿಕೆಗಳಲ್ಲಿ ಪಾಲಿಪ್ರೊಪಿಲೀನಿನಂತಹ ಪ್ಲಾಸ್ಟಿಕ್ಕೇ ಹೆಚ್ಚು. ಪ್ರೊಪಿಲೀನ್ ಅಗ್ಗವಾದಷ್ಟೂ ಈ ಪೈಪೋಟಿ ಬಿಗಿಯಾಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಚನ್ನಪಟ್ಟಣದ ಹೆಸರನ್ನು ಕಾಯಬಲ್ಲದು. ಬೆಲೆಯ ಅಂತರವನ್ನು ತುಂಬಲಾರದು.